ಕಾಕಾನ ಪೆಟ್ ಸ್ಕ್ಯಾನ್ ಮತ್ತು ನೀಲಿ ಬೆಳಕಿನ ಲೆಕ್ಕ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಹೈದರಾಬಾದಿನಿಂದ ಫೋನ್ ಬಂತು.

"ಅಣ್ಣಾ, ಇಂಜೆಕ್ಷನ್ ಕೊಡಂಗಿಲ್ಲ ಅನ್ಲಿಕತ್ತಾರ. ಕಾಕಾನ ಶುಗರ್ 246 ಬಂದದ."

ನನಗೆ ತಲೆಬುಡ ತಿಳಿಯಲಿಲ್ಲ. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ತೋರಿಸುವ ಪೆಟ್ ಸ್ಕ್ಯಾನಿಗೆ ಮುಂಚೆ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು, ಬರೀ ನೀರು ಕುಡಿಯಬಹುದು ಅಂತ ನಾನೇ ಎರಡು ಸಲ ಹೇಳಿದ್ದೆ. ಆಸ್ಪತ್ರೆಯವರೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕಾಕಾ ಫೋನ್ ಕಸಿದುಕೊಂಡು ಆಣೆ ಮಾಡಿ ಹೇಳಿದರು, ರಾತ್ರಿ ಗಂಜಿ ಕುಡಿದಿದ್ದೇ ಕೊನೆ, ಬೆಳಿಗ್ಗೆ ಚಹಾ ಸಹ ಮುಟ್ಟಿಲ್ಲ ಅಂತ.

"ಮತ್ತ ಆ ಹಸಿರು ಔಷಧಿ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಊಟ ಅಲ್ಲಲ್ಲೋ ತಮ್ಮಾ" ಅಂದರು.

ನಾನು ಕಲಬುರಗಿಯಲ್ಲಿ ರೇಡಿಯೊಥೆರಪಿ ವಿಭಾಗದಲ್ಲಿ ಫಿಸಿಸಿಸ್ಟ್. ಡಾಕ್ಟರಲ್ಲ. ಯಾವ ರೋಗಿಗೆ ಎಷ್ಟು ವಿಕಿರಣ, ಯಾವ ಕೋನದಿಂದ, ಎಷ್ಟು ಹೊತ್ತು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಜನ ಇದನ್ನು 'ಕರೆಂಟ್ ಕೊಡಿಸೋದು' ಅಂತಾರೆ. ಕಾಕಾ ನನ್ನ ಊರಿನವರು, ಆಳಂದ ತಾಲ್ಲೂಕಿನವರು. ರಕ್ತಸಂಬಂಧ ಇಲ್ಲ. ಆದರೆ ಊರಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕಾಕಾ, ಅಣ್ಣ, ತಮ್ಮ ಅಲ್ವಾ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಆಸ್ಪತ್ರೆ ಬಿಟ್ಟಿದ್ದೇನೆ.

ಅವರಿಗೆ 58 ವರ್ಷ. ಆರೆಕರೆ ತೊಗರಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮೂವತ್ತು ವರ್ಷದಿಂದ ತಂಬಾಕು ಸುಣ್ಣ. ದೀಪಾವಳಿ ಹೊತ್ತಿಗೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗತೊಡಗಿತು. ಮೊದಲು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು. ಆಮೇಲೆ ಅನ್ನ ಮಾತ್ರ. ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಬರೀ ಗಂಜಿ. ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ನಡುಭಾಗದಲ್ಲಿ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಕೀಮೊ ಮತ್ತು ಕರೆಂಟ್ ಎರಡನ್ನೂ ಜೊತೆಗೇ ಕೊಡೋಣ, ಆಮೇಲೆ ಆಪರೇಷನ್ ಬಗ್ಗೆ ನೋಡೋಣ ಅಂತ ಡಾಕ್ಟರು ಹೇಳಿದರು. ಅದಕ್ಕೂ ಮೊದಲು ಬೇರೆ ಕಡೆ ಹರಡಿದೆಯಾ ಅಂತ ತಿಳಿಯಬೇಕು. ಅದಕ್ಕೇ ಹೈದರಾಬಾದಿಗೆ ಪೆಟ್ ಸ್ಕ್ಯಾನಿಗೆ ಬರೆದುಕೊಟ್ಟಿದ್ದರು.

ಇಷ್ಟರವರೆಗೆ ಇದು ನಮ್ಮ ಕಡೆ ದಿನಾ ನೋಡುವ ಕತೆ. ಬೇರೆಯಾಗಿದ್ದು ಕಾಕಾನ ಅಣ್ಣನ ಮಗ ಕೇಳಿದ ಪ್ರಶ್ನೆಯಿಂದ.

ಹುಡುಗನ ಪ್ರಶ್ನೆ

ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸುದ್ದಿ ಕೇಳಿ ರಜೆ ಹಾಕಿ ಬಂದಿದ್ದ. ಸ್ಕ್ಯಾನಿಗೆ ನಾಲ್ಕು ದಿನ ಮುಂಚೆ, ಭಾನುವಾರ, ಊರಲ್ಲಿ ಸಿಕ್ಕ. ಕಣದಲ್ಲಿ ರಾಶಿ ಯಂತ್ರ ಓಡುತ್ತಿತ್ತು. ಆ ಗದ್ದಲದಲ್ಲೇ ಕೇಳಿದ:

"ಅಣ್ಣಾ, ಪೆಟ್ ಸ್ಕ್ಯಾನಿಗೆ ಕೊಡೋ ಇಂಜೆಕ್ಷನ್‌ನಿಂದ ಮೈಯೊಳಗ ಬೆಳಕು ಬರ್ತದಂತ. ಬೆಳಕು ಬಿದ್ರ ಕೆಲಸ ಮಾಡೋ ಔಷಧಿ ಸುದ್ದಾ ಅವ. ಹೆಂಗೂ ಗುರುವಾರ ಇಂಜೆಕ್ಷನ್ ಕೊಡ್ತಾರ. ಆ ಬೆಳಕು ಸುಮ್ನೆ ಹಾಳಾಗ್ತದಲ್ಲ? ಅದೇ ದಿನ ಆ ಔಷಧಿ ಕೊಟ್ರ?"

ಒಪ್ಪಿಕೊಳ್ಳಬೇಕು, ಒಳ್ಳೇ ಪ್ರಶ್ನೆ. ಫೋನಲ್ಲಿ ಬರುವ 'ಬೇವಿನ ರಸದಿಂದ ಕ್ಯಾನ್ಸರ್ ಮಾಯ' ಥರದ್ದಲ್ಲ. ಎರಡೂ ಮಾತು ನಿಜ. ಬೆಳಕು ನಿಜ, ಬೆಳಕಿಗೆ ಎಚ್ಚರವಾಗುವ ಔಷಧಿಯೂ ನಿಜ. ಎರಡನ್ನೂ ಜೋಡಿಸುವ ಪ್ರಯತ್ನ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ನಡೆದಿದೆ.

ಜೊತೆಗೆ ಅವನು ಇನ್ನೊಂದು ಮಾತು ಹೇಳಿದ. ಆನ್‌ಲೈನಲ್ಲಿ ಕ್ಲೋರೊಫಿಲ್ ಹನಿ ತರಿಸಿದ್ದಾನಂತೆ. ಎಲೆಯ ಹಸಿರು. ಅದೂ ಬೆಳಕು ಹೀರುವ ವಸ್ತು ತಾನೇ ಅಂತ ಅವನ ತರ್ಕ. ಕಾಕಾ ಎರಡು ದಿನದಿಂದ ಕುಡಿಯುತ್ತಿದ್ದಾರೆ. ನಾನು ರಾಶಿ ಯಂತ್ರದ ಧೂಳಿನಿಂದ ಮುಖ ತಿರುಗಿಸಿ, "ಸೊಪ್ಪಿನ ರಸ ಅಲ್ವಾ, ಏನಾಗಲ್ಲ ಬಿಡು" ಅಂದೆ. ಬಾಟಲಿ ತೋರಿಸು ಅಂತ ಕೇಳಲಿಲ್ಲ. ಬೆಳಕಿನ ವಿಷಯ ಬುಧವಾರ ಕೂತು ಲೆಕ್ಕ ಹಾಕೋಣ ಅಂದೆ. ಬುಧವಾರ ನನಗೆ ಪುರುಸೊತ್ತಾಗಲಿಲ್ಲ. ಅವರು ರೈಲು ಹತ್ತಿದರು.

ಗುರುವಾರ ಬೆಳಿಗ್ಗೆ ಕಾಕಾ ಲಾಡ್ಜಿನಲ್ಲಿ ಎದ್ದು, ಇವತ್ತೇ ಬೆಳಕಿನ ದಿನ ಅಂತ, ದಿನಕ್ಕೆ ಎರಡು ಚಮಚ ಕುಡಿಯುತ್ತಿದ್ದವರು ಅರ್ಧ ಲೋಟ ಕುಡಿದುಬಿಟ್ಟರು.

ಪೆಟ್ ಸ್ಕ್ಯಾನಿಗೆ ಕೊಡುವುದು ಎಫ್‌ಡಿಜಿ. ಅದು ಗ್ಲೂಕೋಸಿನ ತಮ್ಮ ಇದ್ದಹಾಗೆ. ಗ್ಲೂಕೋಸಿಗೇ ಒಂದು ವಿಕಿರಣಶೀಲ ಫ್ಲೋರಿನ್ ಪರಮಾಣು, ಫ್ಲೋರಿನ್-18, ಅಂಟಿಸಿರುತ್ತಾರೆ. ಕ್ಯಾನ್ಸರ್ ಜೀವಕೋಶಕ್ಕೆ ಸಕ್ಕರೆ ಹಸಿವು ಜಾಸ್ತಿ. ಹಾಗಾಗಿ ಅದನ್ನು ಎಳೆದುಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಇದಕ್ಕೆ ಜಾಗ ಸಿಗುವುದಿಲ್ಲ. ಇನ್ಸುಲಿನ್ ಏರಿದರೆ ಸಕ್ಕರೆ ಸ್ನಾಯುಗಳಿಗೆ ಹೋಗಿಬಿಡುತ್ತದೆ. ಚಿತ್ರ ಮಸುಕಾಗುತ್ತದೆ, ಗಡ್ಡೆ ತಪ್ಪಿಹೋಗಬಹುದು. ಅದಕ್ಕೇ ಸಾಮಾನ್ಯವಾಗಿ 200 ದಾಟಿದರೆ ಇಂಜೆಕ್ಷನ್ ತಡೆಯುತ್ತಾರೆ. ಕಾಯಿಸಿ ನಾಳೆ ಕೊಡೋಣ ಅನ್ನುವಂತೆಯೂ ಇಲ್ಲ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಅವರ ಹೆಸರಿಗೆ ಬಂದಿದ್ದ ಡೋಸು ಸಂಜೆಯೊಳಗೆ ಕರಗಿಹೋಯಿತು. ಮುಂದಿನ ಮಂಗಳವಾರ ಬನ್ನಿ ಅಂದರು.

ಶುಕ್ರವಾರ ಸಂಜೆ ಇಬ್ಬರೂ ನನ್ನ ಮನೆಗೆ ಬಂದರು. ಹುಡುಗ ಬಾಟಲಿಯನ್ನು ಮೇಜಿನ ಮೇಲಿಟ್ಟ. ಲೇಬಲ್ಲಿನ ಮುಂದೆ ದೊಡ್ಡ ಎಲೆ. ಹಿಂದೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಮೊದಲನೇ ಪದಾರ್ಥ ಸಕ್ಕರೆ ಪಾಕ. ಕೊನೆಯಲ್ಲಿ ತಾಮ್ರ ಸೇರಿದ ಕ್ಲೋರೊಫಿಲಿನ್. ನಾನು ಬೆರಳಿನಲ್ಲಿ ಒಂದು ಹನಿ ನೆಕ್ಕಿದೆ. ಶರಬತ್ತು.

ತಪ್ಪು ಹುಡುಗನದಲ್ಲ. 'ಏನಾಗಲ್ಲ' ಅಂದವನು ನಾನು.

ಬೆಳಕು ಎಲ್ಲಿಂದ ಬರುತ್ತದೆ

ಕಾಕಾ ಚಹಾ ಊದಿ ಊದಿ ಒಂದೊಂದೇ ಗುಟುಕು ಕುಡಿಯುತ್ತಾ ಕೇಳಿದರು, "ಮೈಯೊಳಗ ಬೆಳಕು ಹೆಂಗ ಬರ್ತದೋ? ಸುಳ್ಳು ಇರಬೇಕು."

ನಮ್ಮ ಕಲಬುರಗಿಯ ಅಪ್ಪನ ಕೆರೆಯಲ್ಲಿ ಬಾತುಕೋಳಿ ಮೆಲ್ಲಗೆ ಹೋದರೆ ಸುತ್ತ ಉಂಗುರದಂತೆ ಅಲೆ ಏಳುತ್ತದೆ. ಜೋರಾಗಿ ಹೋದರೆ ಅಲೆಗಳಿಗಿಂತ ಅದೇ ಮುಂದಾಗಿ, ಹಿಂದೆ ನೇಗಿಲ ಮೊನೆಯಂಥ ಗೆರೆ ಬೀಳುತ್ತದೆ. ಬೆಳಕಿನಲ್ಲೂ ಅಂಥದ್ದೇ ಒಂದು ಆಟ ಇದೆ. ಬಯಲಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ನೀರಿನಲ್ಲಿ ಅದು ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಆದರೆ ವಿಕಿರಣಶೀಲ ಪರಮಾಣುವಿನಿಂದ ಚಿಮ್ಮುವ ಎಲೆಕ್ಟ್ರಾನು ಅಥವಾ ಅದರ ಧನ ವಿದ್ಯುತ್ತಿನ ಅವಳಿ ಪಾಸಿಟ್ರಾನು ನೀರಿನಲ್ಲಿ ಆ ಇಳಿದ ವೇಗವನ್ನು ಮೀರಿ ಓಡಬಲ್ಲದು. ಹಾಗೆ ಮೀರಿದಾಗ ಹಿಂದೆ ಬೀಳುವ ಗೆರೆಯೇ ನೀಲಿ ಬೆಳಕು. 1934ರಲ್ಲಿ ಸೋವಿಯತ್ ವಿಜ್ಞಾನಿ ಪಾವೆಲ್ ಚೆರೆಂಕೋವ್ ಇದನ್ನು ಗುರುತಿಸಿದರು. ಏಕೆ ಹೀಗಾಗುತ್ತದೆ ಅಂತ 1937ರಲ್ಲಿ ಇಗೋರ್ ಟಾಮ್ ಮತ್ತು ಇಲ್ಯಾ ಫ್ರಾಂಕ್ ಲೆಕ್ಕ ಕೊಟ್ಟರು. 1958ರಲ್ಲಿ ಮೂವರಿಗೂ ನೊಬೆಲ್ ಬಂತು.

ನಮ್ಮ ದೇಶದಲ್ಲೂ ಇದಕ್ಕೊಂದು ಚಂದದ ಹೆಸರು ಸಿಕ್ಕಿದೆ. 1956ರ ಆಗಸ್ಟ್‌ನಲ್ಲಿ ಟ್ರಾಂಬೆಯಲ್ಲಿ ಶುರುವಾದ ನಮ್ಮ ಮೊದಲ ಪರಮಾಣು ರಿಯಾಕ್ಟರ್ ನೀರಿನ ತೊಟ್ಟಿಯೊಳಗಿತ್ತು. ಆ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ನೋಡಿಯೇ ನೆಹರೂ 'ಅಪ್ಸರಾ' ಅಂತ ಹೆಸರಿಟ್ಟರು ಅನ್ನುತ್ತಾರೆ.

ಎಲ್ಲ ವಿಕಿರಣಶೀಲ ಪರಮಾಣುವಿಗೂ ಈ ಬೆಳಕಿನ ಭಾಗ್ಯ ಇಲ್ಲ. ಮೈಯೊಳಗಿನ ಮಾಂಸದಲ್ಲಿ ಎಲೆಕ್ಟ್ರಾನಿಗೆ ಕನಿಷ್ಠ ಸುಮಾರು 2.2 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಮೂಳೆ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂನ ಗಾಮಾ ಕಿರಣದ್ದು ಬರೀ 1.4 ಲಕ್ಷ. ಅದು ಹೊಸಿಲನ್ನೇ ದಾಟುವುದಿಲ್ಲ. ಫ್ಲೋರಿನ್-18ರ ಪಾಸಿಟ್ರಾನಿನ ಸರಾಸರಿ ಶಕ್ತಿ 2.5 ಲಕ್ಷ, ಗರಿಷ್ಠ 6.33 ಲಕ್ಷ. ದಾಟುತ್ತದೆ, ಆದರೆ ಹೊಸಿಲಿಗೆ ಕಾಲು ತಾಗಿಸಿಕೊಂಡು. ಒಂದು ಪರಮಾಣು ಒಡೆದರೆ ಸರಾಸರಿ ಒಂದೋ ಎರಡೋ ಬೆಳಕಿನ ಕಣ, ಅಂದರೆ ಫೋಟಾನ್, ಅಷ್ಟೆ. ಗ್ಯಾಲಿಯಂ-68 ಆದರೆ ಮೂವತ್ತರ ಆಸುಪಾಸು. ಯಿಟ್ರಿಯಂ-90 ಆದರೆ ಐವತ್ತರ ಹತ್ತಿರ.

ಈ ಬೆಳಕನ್ನು ಫೋಟೊ ಕೂಡ ತೆಗೆದಿದ್ದಾರೆ. 2009ರಿಂದ ಇಲಿಗಳಲ್ಲಿ. 2013ರಲ್ಲಿ ಇಟಲಿಯಲ್ಲಿ ಥೈರಾಯ್ಡ್‌ಗೆ ಅಯೋಡಿನ್-131 ತೆಗೆದುಕೊಂಡ ಒಬ್ಬ ರೋಗಿಯ ಕತ್ತಿನಿಂದ ಹೊರಬಂದ ಬೆಳಕು ಕ್ಯಾಮೆರಾಕ್ಕೆ ಸಿಕ್ಕಿತು. ಕತ್ತಲ ಕೋಣೆ, ತುಂಬಾ ಸೂಕ್ಷ್ಮ ಕ್ಯಾಮೆರಾ ಬೇಕಾಯಿತು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ.

ನಮ್ಮ ಯಂತ್ರದ ಕೆಳಗೂ ಇದು ಆಗುತ್ತದೆ. ತಲೆಗೆ ಕರೆಂಟ್ ಕೊಡುವಾಗ ಕೆಲವರು, ಕಣ್ಣು ಮುಚ್ಚಿದ್ರೂ ನೀಲಿ ಮಿಂಚು ಕಂಡಿತು ಅಂತಾರೆ. ಮೊದಲೆಲ್ಲ ಭ್ರಮೆ ಅಂತ ನಕ್ಕುಬಿಡುತ್ತಿದ್ದೆವು. ಅಮೆರಿಕದ ಡಾರ್ಟ್‌ಮತ್ ತಂಡ ರೋಗಿಗಳ ಕಣ್ಣೊಳಗೆ ಹುಟ್ಟುವ ಚೆರೆಂಕೋವ್ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದ ಮೇಲೆ ನಗುವುದು ಬಿಟ್ಟಿದ್ದೇವೆ.

ಬಾವಂಚಿ

ಬೆಳಕಿಗೆ ಎಚ್ಚರವಾಗುವ ಔಷಧಿ ಅಂದರೇನು ಅಂತ ಹುಡುಗ ಕಾಕಾಗೆ ಹೇಳಲು ಹೊರಟ. ಅರ್ಧಕ್ಕೇ ಕಾಕಾ ತಡೆದರು.

"ಬಾವಂಚಿ ಹಾಂಗ ಅಂತ ಹೇಳು ಮತ್ತ."

ಅವರ ತಂಗಿಗೆ ಚಿಕ್ಕವಳಿದ್ದಾಗ ತೊನ್ನು ಬಂದಿತ್ತಂತೆ. ಅವರವ್ವ ಬಾವಂಚಿ ಬೀಜ ಅರೆದು ಹಚ್ಚಿ ಬೆಳಿಗ್ಗೆ ಅಂಗಳದಲ್ಲಿ ಕೂರಿಸುತ್ತಿದ್ದರು. "ನೆರಳಾಗ ಕುಂತ್ರ ಏನೂ ಆಗಲ್ಲ. ಬಿಸಿಲು ಬಿದ್ರ ಮಾತ್ರ ಕೆಲಸ ಮಾಡ್ತದ. ಜಾಸ್ತಿ ಹೊತ್ತು ಕುಂತ್ರ ಬೊಬ್ಬೆ ಏಳ್ತದ."

ನಾನು ಇಷ್ಟು ಚೆನ್ನಾಗಿ ಹೇಳಲಾರೆ. ಬಾವಂಚಿಯೊಳಗೆ ಇರುವುದು ಸೊರಾಲೆನ್. ಅದೇ ಜಾತಿಯ ಮಾತ್ರೆ ಕೊಟ್ಟು ಅಲ್ಟ್ರಾವಯಲೆಟ್ ದೀಪದ ಕೆಳಗೆ ನಿಲ್ಲಿಸುವ ಚಿಕಿತ್ಸೆ ಚರ್ಮದ ಆಸ್ಪತ್ರೆಗಳಲ್ಲಿ 1970ರ ದಶಕದಿಂದ ಇದೆ. ಕ್ಯಾನ್ಸರಿಗೆ ಬಳಸುವುದು ಇದರ ದೊಡ್ಡಣ್ಣ. ಫೋಟೊಫ್ರಿನ್ ಅನ್ನುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಎರಡು ದಿನ ಕಾದು, ಬಾಯಿಯ ಮೂಲಕ ತೆಳು ನಾರಿನಂಥ ಲೇಸರ್ ಇಳಿಸಿ ಗಡ್ಡೆಯ ಮೇಲೆ ಕೆಂಪು ಬೆಳಕು ಬಿಡುತ್ತಾರೆ. ಬೆಳಕು ಹೀರಿದ ಔಷಧಿ ಅಲ್ಲೇ ಇರುವ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶವನ್ನು ಸುಡುತ್ತದೆ. ಅಮೆರಿಕದಲ್ಲಿ 1995ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಅನ್ನನಾಳದ ಕ್ಯಾನ್ಸರಿಗೇ, ನುಂಗಲು ಆಗದವರಿಗೆ ದಾರಿ ಬಿಡಿಸಲು. ಜಪಾನಿನಲ್ಲಿ ಟಾಲಪೋರ್ಫಿನ್ ಅಂತ ಇನ್ನೊಂದಿದೆ. ಅದು ಕ್ಲೋರೊಫಿಲ್ ವಂಶದ್ದೇ.

ಈ ಮಾತಿಗೆ ಹುಡುಗನ ಮುಖ ಅರಳಿತು. "ನೋಡು, ನಾ ಹೇಳಿಲ್ಲ?"

ವಂಶ ಒಂದೇ, ಬಾಟಲಿ ಬೇರೆ. ಬಾಟಲಿಯಲ್ಲಿದ್ದದ್ದು ತಾಮ್ರ ಸೇರಿಸಿದ ಕ್ಲೋರೊಫಿಲಿನ್. ಬಣ್ಣ ಮಾಸದಿರಲಿ ಅಂತ ತಾಮ್ರ ಹಾಕುತ್ತಾರೆ. ಅದೇ ತಾಮ್ರ, ಹೀರಿದ ಬೆಳಕಿನ ಶಕ್ತಿಯನ್ನು ಕ್ಷಣದಲ್ಲಿ ಬರೀ ಬಿಸಿಯಾಗಿ ಕರಗಿಸಿಬಿಡುತ್ತದೆ. ಆಮ್ಲಜನಕ ಕೆರಳುವಷ್ಟು ಹೊತ್ತೇ ಸಿಗುವುದಿಲ್ಲ. ಅಂದರೆ ಆ ಹನಿ ಬೆಳಕಿನ ಔಷಧಿ ಆಗುವ ಯೋಗ್ಯತೆಯನ್ನೇ ಕಳೆದುಕೊಂಡದ್ದು. ಉಳಿದದ್ದು ಸಕ್ಕರೆ.

ಲೇಸರ್ ಚಿಕಿತ್ಸೆಯ ದೊಡ್ಡ ಕಷ್ಟ ಆಳ. ಕೆಂಪು ಬೆಳಕು ಮಾಂಸದಲ್ಲಿ ಅರ್ಧ, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಇಳಿದೀತು. ನೀಲಿ ಬೆಳಕು ಇನ್ನೂ ಕಡಿಮೆ, ರಕ್ತವೇ ಅದನ್ನು ಕುಡಿದುಬಿಡುತ್ತದೆ. ಪಿತ್ತಕೋಶದ ಹಿಂದೆಯೋ ಮೂಳೆಯೊಳಗೋ ಕೂತ ಗಡ್ಡೆಗೆ ಲೇಸರ್ ಮುಟ್ಟಿಸುವುದು ಹೇಗೆ? ಇಲ್ಲೇ ಚೆರೆಂಕೋವ್ ಆಸೆ ಹುಟ್ಟಿಸುವುದು. ದೀಪವನ್ನೇ ಗಡ್ಡೆಯೊಳಗೆ ಕಳಿಸಿಬಿಟ್ಟರೆ ಆಳದ ಮಾತೇ ಬರುವುದಿಲ್ಲ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಎಫ್‌ಡಿಜಿಯ ಬೆಳಕಿನಿಂದಲೇ, ಬೀಗ ಹಾಕಿಟ್ಟಿದ್ದ ಒಂದು ಅಣುವಿನ ಬೀಗ ತೆಗೆದು ತೋರಿಸಿದರು. 2015ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಅಚಿಲೆಫು ತಂಡ ಟೈಟಾನಿಯಂ ಡಯಾಕ್ಸೈಡ್‌ನ ನ್ಯಾನೊಕಣ ಮತ್ತು ಎಫ್‌ಡಿಜಿ ಜೋಡಿಸಿ ಇಲಿಗಳ ಗಡ್ಡೆ ಕುಗ್ಗಿಸಿತು. ಹುಡುಗ ಓದಿದ್ದು ಇದರ ಸುದ್ದಿಯನ್ನೇ.

ನೆಹರೂ ಗಂಜಿನ ಚೌಕಾಸಿ

ಹಾಗಾದರೆ ಕಾಕಾಗೆ ಏಕಾಗದು? ಹುಡುಗ ಲ್ಯಾಪ್‌ಟಾಪ್ ತೆಗೆದ. ನಾನು ಬೇಡ, ಪೆನ್ನು ಹಿಡಿ ಅಂದೆ. ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಶುರುವಾಯಿತು.

ಪೆಟ್ ಸ್ಕ್ಯಾನಿಗೆ ದೊಡ್ಡವರಿಗೆ ಕೊಡುವುದು ಸುಮಾರು 10 ಮಿಲಿಕ್ಯೂರಿ. ಅಂದರೆ 370 ಮೆಗಾಬೆಕ್ವೆರೆಲ್. ಅಂದರೆ ಮೊದಲಿಗೆ ಸೆಕೆಂಡಿಗೆ 37 ಕೋಟಿ ಪರಮಾಣು ಒಡೆಯುತ್ತವೆ. ಎಲ್ಲವೂ ಒಡೆದು ಮುಗಿಯುವಷ್ಟರಲ್ಲಿ ಒಟ್ಟು ಮೂರೂವರೆ ಲಕ್ಷ ಕೋಟಿ. ತಲಾ ಎರಡು ಫೋಟಾನ್ ಅಂತ ಧಾರಾಳವಾಗಿ ಹಿಡಿದರೆ 7 ಲಕ್ಷ ಕೋಟಿ.

"ಅಬ್ಬಬ್ಬಾ" ಅಂದರು ಕಾಕಾ.

ಅಬ್ಬಬ್ಬಾ ಅನ್ನಿಸುವುದು ಫೋಟಾನ್ ಎಷ್ಟು ಸಣ್ಣದು ಅಂತ ನೆನಪಾಗುವವರೆಗೆ. ಶಕ್ತಿಗೆ ಬದಲಾಯಿಸಿದರೆ ಇದೆಲ್ಲ ಸೇರಿ ಒಂದು ಜೂಲಿನ ಹತ್ತು ಲಕ್ಷ ಪಾಲಿನಲ್ಲಿ ಮೂರೂವರೆ ಪಾಲು. ಇಡೀ ಮೈಯಲ್ಲಿ, ಇಡೀ ದಿನದಲ್ಲಿ. ಮೂತ್ರದಲ್ಲಿ ಹೋಗುವುದನ್ನೂ ಕಳೆದಿಲ್ಲ. ಮೊಬೈಲಿನ ಟಾರ್ಚ್ ಒತ್ತಿದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನೊಳಗೆ ಇಷ್ಟು ಬೆಳಕು ಹೊರಬಿದ್ದಿರುತ್ತದೆ.

ಈಗ ಅನ್ನನಾಳದ ಲೇಸರಿನ ಕಡೆ ನೋಡಿ. ಅಲ್ಲಿ ಗಡ್ಡೆಯ ಒಂದು ಸೆಂಟಿಮೀಟರ್ ಉದ್ದಕ್ಕೆ 300 ಜೂಲ್ ಬೆಳಕು ಕೊಡುತ್ತಾರೆ. ಎರಡರ ನಡುವೆ ಸುಮಾರು 9 ಕೋಟಿ ಪಟ್ಟು ಅಂತರ.

ಹುಡುಗ ಸೋಲಲಿಲ್ಲ. ಒಳ್ಳೇ ವಕೀಲನ ಹಾಗೆ ವಾದಿಸಿದ. ಲೇಸರಿನ ಬೆಳಕು ಅರ್ಧಕ್ಕರ್ಧ ಪೋಲಾಗುತ್ತದೆ, ಇದು ಒಳಗೇ ಹುಟ್ಟುವುದರಿಂದ ಪೋಲಾಗುವುದಿಲ್ಲ ಅಂದ. ಸರಿ, ಹತ್ತು ಪಟ್ಟು ರಿಯಾಯಿತಿ ಕೊಟ್ಟೆ. ಫೋಟೊಫ್ರಿನ್ ಜಾತಿಯ ಔಷಧಿ ಕೆಂಪಿಗಿಂತ ನೀಲಿ ಬೆಳಕನ್ನೇ ಚೆನ್ನಾಗಿ ಹೀರುತ್ತದಲ್ಲ ಅಂದ. ಹೌದು, ಆಳ ಸಿಗಲಿ ಅಂತಷ್ಟೇ ಕೆಂಪು ಬಳಸುತ್ತಾರೆ. ಅದಕ್ಕೆ ಇನ್ನೂ ನೂರು ಪಟ್ಟು ಬಿಟ್ಟುಕೊಟ್ಟೆ. ಅಷ್ಟು ಕೊಡಬೇಕಾಗಿರಲಿಲ್ಲ, ಇರಲಿ. ಕಾಕಾ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರೂ ಗಂಜಿನಲ್ಲಿ ತೊಗರಿ ದರ ಮುರಿಯುವವರ ಹಾಗೆ ಇಬ್ಬರನ್ನೂ ನೋಡುತ್ತಾ ಕೂತಿದ್ದರು. ಸಾವಿರ ಪಟ್ಟು ಬಿಟ್ಟ ಮೇಲೂ 90 ಸಾವಿರ ಪಟ್ಟು ಕೊರತೆ ಉಳಿಯಿತು. ಇಂಜೆಕ್ಷನ್ನಿನ ಎಫ್‌ಡಿಜಿಯೆಲ್ಲ ಗಡ್ಡೆಗೇ ಹೋಗುವುದಿಲ್ಲ, ಮಿದುಳು, ಹೃದಯ, ಮೂತ್ರಕೋಶ ಎಲ್ಲಕ್ಕೂ ಪಾಲು ಹೋಗುತ್ತದೆ ಅನ್ನುವುದನ್ನು ನಾನು ಇನ್ನೂ ಹೇಳಿರಲಿಲ್ಲ.

"ಹಂಗಾದ್ರ ಬೀಗ ತೆಗಿಯೋ ಔಷಧಿ?" ಅಂದ ಹುಡುಗ. ಕೀಮೊ ಔಷಧಿಗೆ ಒಂದು ಬೀಗ ಹಾಕಿ ಮೈಗೆ ಬಿಡುವುದು, ಬೆಳಕು ಬಿದ್ದ ಕಡೆ ಮಾತ್ರ ಬೀಗ ತೆಗೆದು ಔಷಧಿ ಬಿಡುಗಡೆ ಆಗುವುದು. ಕೂದಲು ಉದುರುವುದಿಲ್ಲ, ವಾಂತಿ ಇಲ್ಲ. ಕೇಳಲು ಬಹಳ ಚಂದ. ಈ ದಾರಿಯ ಬಗ್ಗೆ ನನಗೂ ಆಸೆ ಇದೆ. ಆದರೆ ಒಂದು ಫೋಟಾನ್ ತೆಗೆಯುವುದು ಹೆಚ್ಚೆಂದರೆ ಒಂದು ಬೀಗ. 7 ಲಕ್ಷ ಕೋಟಿ ಫೋಟಾನ್, 7 ಲಕ್ಷ ಕೋಟಿ ಅಣು. ಕಾಕಾಗೆ ಕೊಡಬೇಕು ಅಂತಿದ್ದ ಪಾಕ್ಲಿಟ್ಯಾಕ್ಸೆಲ್ ಔಷಧಿಯನ್ನೇ ತೂಗಿದರೆ ಇದು ಸುಮಾರು 10 ನ್ಯಾನೊಗ್ರಾಂ. ವಾರಕ್ಕೆ ಕೊಡುವ ಡೋಸು ಸುಮಾರು 80 ಮಿಲಿಗ್ರಾಂ. 80 ಲಕ್ಷ ಪಟ್ಟು ದೂರ. ಕೀಮೊ ಇಡೀ ಮೈಗೆ ಹಂಚಿಹೋಗುತ್ತದೆ, ಇದು ಗಡ್ಡೆಯಲ್ಲೇ ಬಿಡುಗಡೆ ಆಗುತ್ತದೆ ಅನ್ನುವುದು ನಿಜ. ಪಾಕ್ಲಿಟ್ಯಾಕ್ಸೆಲ್‌ಗಿಂತ ಎಷ್ಟೋ ಪಟ್ಟು ಖಾರವಾದ ವಿಷಗಳೂ ಇವೆ. ಈ ದಾರಿಯಲ್ಲಿ ಅಂಥ ವಿಷಗಳಿಗೇ ಬೆಲೆ. ಆದರೆ ಗುರುವಾರದ ಸ್ಕ್ಯಾನಿಗೆ ಮೆಡಿಕಲ್ ಅಂಗಡಿಯಿಂದ ತರುವ ವಸ್ತು ಅದಲ್ಲ.

ಡೋಸು ಜಾಸ್ತಿ ಮಾಡಿದರೆ? ಇದೂ ಬಂತು. ಬೆಳಕು ಜಾಸ್ತಿ ಮಾಡಲು ವಿಕಿರಣವನ್ನೇ ಜಾಸ್ತಿ ಮಾಡಬೇಕು. ಲಿವರ್ ಗಡ್ಡೆಗೆ ಕೊಡುವ ಯಿಟ್ರಿಯಂ-90 ತಗೊಳ್ಳಿ, 3 ಗಿಗಾಬೆಕ್ವೆರೆಲ್, ಅಂದರೆ ಮೊದಲಿಗೆ ಸೆಕೆಂಡಿಗೆ 300 ಕೋಟಿ ಪರಮಾಣು ಒಡೆಯುವಷ್ಟು, ಅಂತ ಇಟ್ಟುಕೊಳ್ಳಿ. ಅದರಿಂದ ಚಿಮ್ಮುವ ಬೀಟಾ ಕಣಗಳ, ಅಂದರೆ ಎಲೆಕ್ಟ್ರಾನುಗಳ, ಶಕ್ತಿ ಒಟ್ಟು ಸುಮಾರು 150 ಜೂಲ್. ಅದರಲ್ಲಿ ಬೆಳಕಾಗಿ ಹೋಗುವುದು ಜೂಲಿನ ನೂರನೇ ಎರಡು ಪಾಲು ಚಿಲ್ಲರೆ. ಆ 150 ಜೂಲೇ ಗಡ್ಡೆಯನ್ನು ಸುಡುತ್ತಿರುತ್ತದೆ, ಬೆಳಕಿಗೆ ಕಾಯುವುದಿಲ್ಲ.

ಕಾಕಾ ಇದನ್ನು ತಮ್ಮ ಭಾಷೆಗೆ ತಂದುಕೊಂಡರು. "ಕಾಳು ಅಂದ್ರ ಆ ಕಿರಣ. ಬೆಳಕು ಅಂದ್ರ ರಾಶಿ ಮಾಡುವಾಗ ಹಾರೋ ಹೊಟ್ಟು. ನೀ ಹೊಟ್ಟು ಆರಿಸಿ ಬೇಳಿ ಮಾಡಂತಿ" ಅಂತ ಅಣ್ಣನ ಮಗನ ತಲೆಗೆ ಮೊಟಕಿದರು.

ಹಾಗಾದರೆ ಇಲಿಗಳಲ್ಲಿ ಹೇಗೆ ಕೆಲಸ ಮಾಡಿತು? ನನಗೆ ಇಡೀ ವಿಷಯದಲ್ಲಿ ಕುತೂಹಲ ಹುಟ್ಟಿಸುವುದು ಇದೇ. ಇಲಿ ಸಣ್ಣದು, ಅದರ ತೂಕಕ್ಕೆ ಹೋಲಿಸಿದರೆ ಡೋಸು ದೊಡ್ಡದು. ಅದಷ್ಟೇ ಅಲ್ಲ. ನ್ಯಾನೊಕಣಕ್ಕೆ ಬೆಳಕಷ್ಟೇ ತಾಗುವುದಿಲ್ಲ, ಪಾಸಿಟ್ರಾನು ಮತ್ತು ಗಾಮಾ ಕಿರಣ ಕೂಡ ನೇರವಾಗಿ ತಾಗಿ ಕೆರಳಿಸಬಹುದು. ಕೆಲಸದ ಬಹುಪಾಲು ಮಾಡಿದ್ದು ಬೆಳಕಲ್ಲ, ಆ ನೇರ ಪೆಟ್ಟು ಅಂತ ವಾದಿಸುವ ಸಂಶೋಧಕರಿದ್ದಾರೆ. ನನಗೂ ಆ ವಾದವೇ ಸರಿ ಕಾಣುತ್ತದೆ, ಬಿಲ್ಲಿನ ಹಿಂದಿನ ಲೆಕ್ಕ ಆ ಕಡೆಗೇ ಬೆರಳು ತೋರಿಸುತ್ತದೆ. ಹಾಗಿದ್ದರೆ ಮುಂದೆ ಬರುವ ಔಷಧಿಗೆ ಬೆಳಕಿನ ಹಂಗೇ ಬೇಡವಾದೀತು. ವಿಕಿರಣ ತಾಗಿದರೇ ಬೀಗ ತೆಗೆಯುವ ಅಣುಗಳ ಮೇಲೆ ಕೆಲಸ ನಡೆದೇ ಇದೆ. ಅದು ಬಂದರೆ ನನ್ನಂಥವರ ಯಂತ್ರದ ಕೆಳಗೇ ಕೆಲಸ ಆದೀತು.

ನಿಜವಾದ ಫೋಟೊಫ್ರಿನ್ ಸಿಕ್ಕಿದ್ದರೂ ಒಂದು ತೊಡಕಿತ್ತು. ಅದು ತಗೊಂಡವರು ಕನಿಷ್ಠ 30 ದಿನ ಬಿಸಿಲಿಗೆ ಮೈ ಒಡ್ಡುವಂತಿಲ್ಲ. ಚರ್ಮದಲ್ಲೂ ಔಷಧಿ ಕೂತಿರುತ್ತದೆ, ಬಾವಂಚಿ ಬೊಬ್ಬೆಯ ಹಾಗೆ ಮೈಯೆಲ್ಲ ಸುಡುತ್ತದೆ. ಕಲಬುರಗಿ ಬಿಸಿಲಲ್ಲಿ, ಹೊಲದ ಮನುಷ್ಯನಿಗೆ.

"ತಿಂಗಳಗಟ್ಲೆ ಮನ್ಯಾಗ ಕುಂದ್ರದಾ? ರೋಗನೇ ವಾಸಿ" ಅಂದರು ಕಾಕಾ.

ಮಂಗಳವಾರ

ಈ ಸಲ ಲಾಡ್ಜಿಗೆ ಹಸಿರು ಬಾಟಲಿ ಹೋಗಲಿಲ್ಲ. ಅದು ನನ್ನ ಮೇಜಿನ ಮೇಲೇ ಇತ್ತು. ರಾತ್ರಿಯಿಡೀ ಹುಡುಗ ಪಕ್ಕದಲ್ಲೇ ಮಲಗಿದ್ದನಂತೆ, ಕಾಕಾ ನೀರು ಕುಡಿದರೂ ಎದ್ದು ನೋಡುತ್ತಿದ್ದನಂತೆ. ಬೆಳಿಗ್ಗೆ ಶುಗರ್ 138. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಮಂದ ದೀಪದ ಕೋಣೆಯಲ್ಲಿ ಮಾತಾಡದೆ ಮಲಗಿಸಿದರು. ಅಂಗೈ ಮುಖದ ಮುಂದೆ ಹಿಡಿದು ನೋಡಿದೆ, ಏನೂ ಹೊಳೀಲಿಲ್ಲ ಅಂತ ಕಾಕಾ ಆಮೇಲೆ ದೂರಿದರು. ಸ್ಕ್ಯಾನಿನಲ್ಲಿ ಅನ್ನನಾಳದ ಗಡ್ಡೆ, ಪಕ್ಕದ ಒಂದು ಗಂಟು ಮಾತ್ರ ಹೊಳೆದವು. ಲಿವರ್, ಶ್ವಾಸಕೋಶ, ಮೂಳೆ ಎಲ್ಲ ಸ್ವಚ್ಛ. ಅಂದರೆ ಡಾಕ್ಟರು ಮೊದಲು ಹೇಳಿದ್ದ ದಾರಿಯೇ ಸರಿ.

ಐದು ದಿನ ತಡವಾಗಿದ್ದರಿಂದ ರೋಗಕ್ಕೆ ಏನೂ ವ್ಯತ್ಯಾಸ ಆಗಲಿಲ್ಲ. ಖರ್ಚು ಆಯಿತು. ಇಬ್ಬರಿಗೆ ಎರಡನೇ ಸಲ ರೈಲು, ಲಾಡ್ಜು, ಊಟ. ರಾಶಿಯ ಕೂಲಿಯವರಿಗೆ ಒಂದು ವಾರ ಯಜಮಾನ ಇಲ್ಲ. ಅದರಲ್ಲಿ ಅರ್ಧ ನಾನು ಕೊಡಲು ಹೋದೆ. ಕಾಕಾ ಬೈದು ವಾಪಸ್ ಕೊಟ್ಟರು.

ನಮ್ಮ ವಿಭಾಗದಲ್ಲಿ ಆಮೇಲೆ ಒಂದು ಸಣ್ಣ ಬದಲಾವಣೆ ಆಯಿತು. ಸ್ಕ್ಯಾನಿಗೆ ಕಳಿಸುವ ಚೀಟಿಯಲ್ಲಿ ಮೊದಲು 'ಖಾಲಿ ಹೊಟ್ಟೆ' ಅಂತಷ್ಟೇ ಇತ್ತು. ಈಗ ಕೆಳಗೆ ಕೈಯಲ್ಲಿ ಬರೆಯುತ್ತೇವೆ: ಕಷಾಯ, ಟಾನಿಕ್, ಲೇಹ್ಯ, ಜೇನು, ಕೆಮ್ಮಿನ ಸಿರಪ್, ಗುಳಿಗೆ ಚೀಪುವುದು, ತಂಬಾಕು, ಏನೂ ಬೇಡ. ಮಾತಾಡಿಸುವಾಗ, "ಊಟ ಬಿಟ್ಟು ಬೇರೆ ಏನು ತಗೋತೀರಿ?" ಅಂತ ಕೇಳಿ ಬಾಟಲಿ ತರಿಸಿ ನೋಡುತ್ತೇವೆ. ಹತ್ತರಲ್ಲಿ ನಾಲ್ಕು ಜನ ಏನಾದರೊಂದು ಬಾಟಲಿ ತರುತ್ತಾರೆ ಅಂತ ನನ್ನ ಅಂದಾಜು, ಎಣಿಸಿಲ್ಲ.

ಕಾಕಾಗೆ 23 ಸಲ ಕರೆಂಟ್ ಕೊಟ್ಟೆವು, ವಾರಕ್ಕೊಂದು ಕೀಮೊ. ಮೂರನೇ ವಾರ ಗಂಟಲು ಉರಿದು ನೀರೂ ಇಳಿಯದಂತಾಗಿ ಎರಡು ದಿನ ಗ್ಲೂಕೋಸ್ ಹಾಕಬೇಕಾಯಿತು. ಅದು ಮುಗಿದ ಮೇಲೆ ನುಂಗುವುದು ಸುಲಭ ಆಯಿತು. ನೆನೆಸಿದ ರೊಟ್ಟಿ ಮತ್ತೆ ಶುರುವಾಗಿದೆ. ಆಪರೇಷನ್ ಬೇಕೋ ಬೇಡವೋ ಅಂತ ಮುಂದಿನ ಸ್ಕ್ಯಾನ್ ನೋಡಿ ಹೇಳುತ್ತಾರೆ.

ಕೊನೇ ಕರೆಂಟಿನ ದಿನ ಕಾಕಾ ಯಂತ್ರದಿಂದ ಇಳಿದು ನನ್ನ ಕೋಣೆಗೆ ಬಂದರು. ಹುಡುಗ ಹಿಂದೆ ಒಂದು ಚೀಲ ಹೊತ್ತುಕೊಂಡು ನಿಂತಿದ್ದ. ಮೇಜಿನ ಮೇಲಿದ್ದ ಹಸಿರು ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಚೀಲ ಇಡಿಸಿದರು. ಹೊಸ ತೊಗರಿ ಬೇಳೆ.

"ಐದು ಕಿಲೊ ಅದ. ಗಂಜಿನಾಗ ಎರಡು ಸಲ ತೂಗಿಸೀನಿ" ಅಂದರು. "ಬೇಕಾದ್ರ ನೀನೂ ತೂಗಿ ನೋಡು."